ಖಂಡೇನವಮಿಯ ಅಪ್‌ಡೇಟ್

ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ನೇಯ್ದ ಬಟ್ಟೆಯ ಮೀಟರ್ ಎಣಿಸಲು ಕಡ್ಡಿಪೆಟ್ಟಿಗೆಯಷ್ಟಿರುವ ಬೋರ್ಡುಗಳನ್ನು ಕೂರಿಸಿದವನು ನಾನು. ಅವುಗಳ ಆಪರೇಟಿಂಗ್ ಸಿಸ್ಟಮ್ಮಿಗೆ ಅಪ್‌ಡೇಟ್ ಕಳಿಸುವ ಸರ್ವರ್ ನಮ್ಮ ಮನೆಯ ಕಪಾಟಿನ ಮೇಲಿದೆ. ಶೆಡ್ಡಿನವರು ಹೂಂ ಎಂದರೆ ಕಳಿಸುತ್ತೇನೆ. ಹೂಂ ಅನ್ನದವರು ಒಬ್ಬರೇ, ನನ್ನ ಸೋದರಮಾವ.

ಮಗ್ಗ ನಿಲ್ಲಿಸಬೇಕಾಗುತ್ತದೆ ಎಂಬುದು ಅವರ ನೆಪ. ಹಾಗಾಗಿ ಮಗ್ಗಗಳು ಪೂಜೆಗೆಂದು ತಾವಾಗಿಯೇ ನಿಲ್ಲುವ ಖಂಡೇನವಮಿಯ ದಿನವನ್ನೇ ಹಿಡಿದು ಅವರ ಶೆಡ್ಡಿಗೆ ಹೋದೆ. ನನ್ನ ಬೋರ್ಡು ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೊಂದು ಚೆಂಡುಹೂ ಇಟ್ಟುಕೊಂಡು ಮದುಮಗನ ಹಾಗೆ ಕೂತಿತ್ತು.

“ಪೂಜಾ ಮಾಡಿದ್ದನ್ನ ಇವತ್ತ ಮುಟ್ಟಬಾರದು,” ಎಂದರು ಮಾವ.

“ಮುಟ್ಟೂದಿಲ್ರೀ ಮಾಮಾ, ಅಪ್‌ಡೇಟ್ ಗಾಳ್ಯಾಗ ಬರ್ತೈತಿ.”

“ಗಾಳ್ಯಾಗ ಬಂದ್ರೂ ಮುಟ್ಟಿದಂಗ. ಚಲೋ ನಡದೈತಿ, ಯಾಕ ಕೆಣಕತಿ?”

ಹಳೆಯದನ್ನೇ ಅಪ್ಪಿಕೊಂಡು ಕೂರುವವರ ಬಗ್ಗೆ ನಾನು ಅಲ್ಲೇ ನಿಂತು ಉದ್ದ ಭಾಷಣ ಬಿಗಿದೆ. ಪೂರ್ತಿ ಕೇಳಿ, ಮಾವ ನನ್ನ ಕೈಗೆ ಪ್ರಸಾದದ ಕೊಬ್ಬರಿ ಇಟ್ಟರು.

ಮರುದಿನ ದಸರೆ. ಬನ್ನಿ ಕೊಡಲು ಮನೆಗೆ ಬಂದ ಮಾವ ಕಪಾಟಿನತ್ತ ನೋಡಿದರು. ಸರ್ವರಿನ ಮೇಲೆ ನಾನೇ ಅಂಟಿಸಿದ ಚೀಟಿ ಇತ್ತು: “ಯಾರೂ ಮುಟ್ಟಬೇಡಿ.”

“ಇದಕ್ಕ ಅಪ್‌ಡೇಟ್ ಯಾವಾಗ ಮಾಡಿದ್ದಿ?”

“ಕುಂಡ್ರಿಸಿದಾಗಿಂದ ಮಾಡಿಲ್ರೀ.”

“ಯಾಕ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಚಲೋ ನಡದೈತ್ರೀ.”

ಮಾವ ನಗಲಿಲ್ಲ. ಒಂದು ಬನ್ನಿ ಎಲೆಯನ್ನು ಸರ್ವರಿನ ಮೇಲಿಟ್ಟು, ಅದಕ್ಕೇ ಕೈ ಮುಗಿದರು.

“ಬನ್ನಿ ತೊಗೊಂಡು ಬಂಗಾರದಂಗ ಇರಪಾ. ಯಾರೂ ಕೆಣಕೂದಿಲ್ಲ ನಿನ್ನ.”