ಹೋಗದ ಉಮ್ರಾದ ತೆರಿಗೆ

ರಾವಿಯಾಳನ್ನು ನಮ್ಮ ಓಣಿಯಲ್ಲಿ ಎಲ್ಲರೂ "ಹಾಜ್ಜಾ" ಎಂದೇ ಕರೆಯುತ್ತಾರೆ. ಮೆಕ್ಕಾ ಕಂಡು ಬಂದವಳಿಗೆ ಸಲ್ಲುವ ಮರ್ಯಾದೆ ಅದು. ತರಕಾರಿ ಗಾಡಿಯವನು ಹಾಗೆ ಕರೆದು ಎರಡು ಟೊಮೆಟೊ ಜಾಸ್ತಿ ಹಾಕುತ್ತಾನೆ, ಬಸ್ಸಿನಲ್ಲಿ ಹುಡುಗರು ಎದ್ದು ಜಾಗ ಕೊಡುತ್ತಾರೆ. ಆರು ವರ್ಷದಿಂದ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ತಲೆವಸ್ತ್ರ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಾಳೆ. ಯಾಕೆಂದರೆ ರಾವಿಯಾ ಮೆಕ್ಕಾದ ಉಮ್ರಾ ಯಾತ್ರೆಗೆ ಹೋದವಳೇ ಅಲ್ಲ, ವಿಮಾನವನ್ನು ಹತ್ತಿರದಿಂದ ಕಂಡವಳೂ ಅಲ್ಲ. ಓಣಿಯವರು ಅವಳು ಮೆಕ್ಕಾದಲ್ಲಿದ್ದಳೆಂದು ನಂಬಿದ ಆ ನಾಲ್ಕು ತಿಂಗಳು ಅವಳು ರಾಜಧಾನಿ ಕೈರೋದ ಒಂದು ಮನೋರೋಗ ಆಸ್ಪತ್ರೆಯಲ್ಲಿದ್ದಳು.

ಅದಕ್ಕೆ ಮುಂಚೆ ಅವಳದೊಂದು ಅಂಗಡಿಯಿತ್ತು. ಮದುವಣಗಿತ್ತಿಯರ ಬಿಳಿ ಗೌನುಗಳನ್ನು ಒಂದು ದಿನದ ಬಾಡಿಗೆಗೆ ಕೊಡುವ ಅಂಗಡಿ. ಗಂಡ ಬಯ್ಯೂಮಿ ನೀರಾವರಿ ಇಲಾಖೆಯ ಗುಮಾಸ್ತ. ಸರ್ಕಾರಿ ನೌಕರನ ಹೆಸರಲ್ಲಿ ವ್ಯಾಪಾರ ಇರಕೂಡದಲ್ಲ, ಅದಕ್ಕೇ ಲೈಸೆನ್ಸು, ತೆರಿಗೆ ಕಾರ್ಡು ಎಲ್ಲ ಹೆಂಡತಿಯ ಹೆಸರಿಗೆ. ನಮ್ಮಲ್ಲಿ ಇದು ಮನೆಮನೆಯ ಕಥೆ. ಹನ್ನೊಂದು ಗೌನುಗಳಿದ್ದವು. ಗಿರಣಿಯಲ್ಲಿ ದುಡಿಯುವ ಹುಡುಗಿಯರು ಬರುತ್ತಿದ್ದರು, ಸೊಂಟ ಬಿಗಿ ಮಾಡು, ತೋಳು ಉದ್ದ ಮಾಡು ಎನ್ನುತ್ತಿದ್ದರು, ಇವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವರನ್ನು ರೇಗಿಸಿ ನಗಿಸುತ್ತಿದ್ದಳು.

ಒಂದು ದಿನ ಬೆಳಗ್ಗೆ ಗೌನಿಗೆ ಮಣಿ ಪೋಣಿಸಲು ಕುಳಿತವಳು ಸಂಜೆಯವರೆಗೂ ಹಾಗೇ ಕುಳಿತಿದ್ದಳು. ಒಂದು ಮಣಿಯೂ ಸೂಜಿ ದಾಟಿರಲಿಲ್ಲ. ಮದುವಣಗಿತ್ತಿ ಬಂದು ಕರೆದಳು, ಅಲುಗಾಡಿಸಿದಳು, ಅತ್ತಳು. ಇವಳ ಬಾಯಿಂದ ಮಾತು ಹೊರಡಲಿಲ್ಲ. ಆಮೇಲೆ ಊಟ ಬಿಟ್ಟಳು, ಸ್ನಾನ ಬಿಟ್ಟಳು. "ನನ್ನನ್ನ ಕಾಲುವೆಗೆ ಹಾಕಿಬಿಡ್ರೀ, ನಿಮಗೆಲ್ಲ ಆರಾಮಾಗುತ್ತೆ" ಎಂದು ಅವಳು ಸಾವಧಾನವಾಗಿ ಹೇಳಿದ ದಿನ ಬಯ್ಯೂಮಿ ಹೆದರಿ ಅವಳನ್ನು ಕೈರೋಗೆ ಕರೆದುಕೊಂಡು ಹೋದ.

ಓಣಿಗೆ ಏನು ಹೇಳುವುದು? ಹುಚ್ಚಾಸ್ಪತ್ರೆ ಅಂದರೆ ಮಗಳು ಹನೀನಳನ್ನು ನಾಳೆ ಯಾರು ಮಾಡಿಕೊಳ್ಳುತ್ತಾರೆ? ರಾವಿಯಾಳ ಅಣ್ಣ ಮೆಕ್ಕಾದ ಹತ್ತಿರವೇ, ಜಿದ್ದಾದಲ್ಲಿದ್ದ. ಉಮ್ರಾಗೆ ಹೋದಳು, ಅಣ್ಣನ ಮನೆಯಲ್ಲಿ ಉಳಿದಳು ಎಂದುಬಿಟ್ಟ ಬಯ್ಯೂಮಿ. ಅವಳು ವಾಪಸಾದ ದಿನ ಕೈರೋದ ಅಂಗಡಿಯೊಂದರಲ್ಲಿ ಖರ್ಜೂರ, ಜಪಮಾಲೆ ಕೊಂಡು ತಂದು ಮನೆಮನೆಗೆ ಹಂಚಿದ. ಎಂಥಾ ಧೈರ್ಯ ನೋಡಿ! ಇವಳು ಮಾತ್ರೆಯ ಮಂಪರಿನಲ್ಲಿ ಮಂಚದ ಮೇಲೆ ಕುಳಿತಿದ್ದರೆ ಹೆಂಗಸರು ಸಾಲಾಗಿ ಬಂದು ಕೈಗೆ ಮುತ್ತಿಟ್ಟು ಹೋದರು. "ಮುಖದಲ್ಲಿ ಎಂಥಾ ಶಾಂತಿ, ನೋಡ್ರೇ!" ಎಂದಳು ಕೆಳಮನೆಯ ಉಮ್ ತಾಮಿರ್.

ಈ ಉಮ್ ತಾಮಿರ್, ಅಂದರೆ ತಾಮಿರನ ಅಮ್ಮ, ಒಳ್ಳೆಯ ಹೆಂಗಸು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಹಾಳಾಗಿದ್ದೇ ಅದರಿಂದ. ಅಂಗಡಿ ಮುಚ್ಚಿದ್ದಾಗ ತೆರಿಗೆ ಕಚೇರಿಯವನೊಬ್ಬ ವಿಚಾರಣೆಗೆ ಓಣಿಗೆ ಬಂದ. ನೆರೆಯವಳ ಮರ್ಯಾದೆ ಬಿಟ್ಟುಕೊಡಬಾರದೆಂದು ಈಕೆ ಅವನಿಗೆ ಚಹಾ ಕೊಟ್ಟು ಕೂರಿಸಿ ಹೊಗಳಿದ್ದೇ ಹೊಗಳಿದ್ದು. ವ್ಯಾಪಾರವೋ, ದೃಷ್ಟಿ ತಾಗದಿರಲಿ, ಬರುವ ಹುಡುಗಿಯರಿಗೆ ನಿಲ್ಲಲು ಜಾಗವಿಲ್ಲ. ಈಗ ಅವಳು ಉಮ್ರಾದಲ್ಲಿದ್ದಾಳೆ, ತಿಂಗಳುಗಟ್ಟಲೆ ಜಿದ್ದಾದಲ್ಲಿ ಆರಾಮಾಗಿದ್ದಾಳೆ! ಅವನು ಚಹಾ ಕುಡಿದು ಎಲ್ಲವನ್ನೂ ಬರೆದುಕೊಂಡು ಹೋದ.

ಸ್ವಲ್ಪ ದಿನಕ್ಕೆ, ರಾವಿಯಾ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ತೆರಿಗೆ ಕಚೇರಿಯ ರಿಜಿಸ್ಟರ್ಡ್ ಲಕೋಟೆ ಬಂತು. ಹೆಂಡತಿಯ ಮನಸ್ಸಿಗೆ ನೋವಾಗುವುದೇನೂ ತಿಳಿಯಬಾರದೆಂದು ವೈದ್ಯರು ಹೇಳಿದ್ದರಲ್ಲ. ಬಯ್ಯೂಮಿ ಸಹಿ ಹಾಕಿ ತೆಗೆದುಕೊಂಡು, ಒಡೆಯದೆ ಬೀರುವಿನ ಮೇಲೆ ಎಸೆದ. ಮತ್ತೊಂದು ಬಂತು, ಅದನ್ನೂ ಎಸೆದ. ಅಂಗಡಿ ಮುಚ್ಚಿದೆವು ಎಂದು ಕಚೇರಿಗೆ ಒಂದು ಕಾಗದ ಕೊಟ್ಟಿದ್ದರೂ ಸಾಕಿತ್ತು. ಕೊಡಲಿಲ್ಲ. ಇವತ್ತಲ್ಲ ನಾಳೆ ಹುಷಾರಾಗಿ ಶಟರ್ ಎತ್ತುತ್ತಾಳೆ ಎಂದುಕೊಂಡ. ಪ್ರೀತಿಯೇ ಅದು, ಇಲ್ಲವೆನ್ನಲು ಯಾರಿಗೂ ಬಾಯಿ ಬರದು. ಆದರೆ ಅಂಥ ಪ್ರೀತಿಗೆ ಏನು ಮಾಡೋಣ?

ಈ ವರ್ಷ ಹನೀನಳ ನಿಶ್ಚಿತಾರ್ಥಕ್ಕೆಂದು ಹಣ ತೆಗೆಯಲು ರಾವಿಯಾ ಬ್ಯಾಂಕಿಗೆ ಹೋದಳು. ಗಾಜಿನ ಹಿಂದಿನ ಹುಡುಗಿ ಎರಡು ಸಲ ನೋಡಿ, "ಖಾತೆ ಜಪ್ತಿಯಾಗಿದೆ ಹಾಜ್ಜಾ. ತೆರಿಗೆಯವರದ್ದು. ಮೂರು ಲಕ್ಷ ಎಂಬತ್ತು ಸಾವಿರ ಪೌಂಡು" ಎಂದಳು.

ಆವತ್ತೇ ಬಯ್ಯೂಮಿ ಕುರ್ಚಿ ಹತ್ತಿ ಬೀರುವಿನ ಮೇಲಿಂದ ಲಕೋಟೆಗಳನ್ನು ಇಳಿಸಿದ. ಹದಿನಾಲ್ಕು. ಧೂಳು ಒರೆಸಿ ಅವಳ ಮುಂದಿಟ್ಟು ತಲೆ ತಗ್ಗಿಸಿ ನಿಂತ. ರಾವಿಯಾ ಒಂದನ್ನು ಕೈಗೆತ್ತಿಕೊಂಡಳು, ಬೆರಳು ಅದರ ಅಂಚಿನಲ್ಲೇ ನಿಂತುಹೋಯಿತು. ಆ ಹಳೆಯ ಭಾರ ಮತ್ತೆ ಎದೆಯ ಮೇಲೆ ಬಂದು ಕುಳಿತದ್ದು ಅವಳಿಗೆ ಗೊತ್ತಾಯಿತು. ಮಾರನೆಯ ದಿನ ಒಂದೇ ಲೋಟವನ್ನು ಅರ್ಧ ಗಂಟೆ ತೊಳೆದಳು. ಕೆಳಗೆ ಮೋಟರ್ ಸೈಕಲ್ ಸದ್ದಾದರೆ ಅಂಚೆಯವನೆಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳತೊಡಗಿದಳು.

ತೆರಿಗೆ ಕಚೇರಿಯಲ್ಲಿ ಇವರ ಕಡತ ಲಬೀಬ್ ಎಂಬ ಅಧಿಕಾರಿಯ ಬಳಿಯಿತ್ತು. ನಿವೃತ್ತಿಗೆ ಹತ್ತಿರವಾದ, ಮೆತ್ತಗೆ ಮಾತಾಡುವ ಮನುಷ್ಯ. ವಿಚಾರಣೆಯ ವರದಿಯನ್ನು ಅವನೇ ಓದಿ ಹೇಳಿದ: "'ಮಾಲೀಕಳು ಉಮ್ರಾ ಯಾತ್ರೆಯಲ್ಲಿದ್ದು, ವಿದೇಶದಲ್ಲಿ ತಿಂಗಳುಗಟ್ಟಲೆ ತಂಗುವಷ್ಟು ಅನುಕೂಲಸ್ಥಳು.' ಇದರ ಮೇಲೇ ನಿಮ್ಮ ಆದಾಯದ ಅಂದಾಜು ಹಾಕಿದಾರೆ. ಅಂಗಡಿ ಮುಚ್ಚಿದ ಸುದ್ದಿ ನಮಗೆ ಬರಲಿಲ್ಲ, ವರ್ಷ ವರ್ಷ ಏರ್ತಾ ಹೋಯ್ತು."

ರಾವಿಯಾಳಿಗೆ ನಗು ಬಂತು. ತಡೆಯಲಾಗದೆ ಜೋರಾಗಿ ನಕ್ಕಳು. ಬಯ್ಯೂಮಿ ಮೊಣಕೈಯಿಂದ ತಿವಿದ.

"ಆಕ್ಷೇಪಣೆಗೆ ಮೂವತ್ತು ದಿನ ಇತ್ತು, ಅದು ಮುಗಿದು ವರ್ಷಗಳಾಯ್ತು," ಎಂದ ಲಬೀಬ್. "ಆಗ ಬರೋಕೆ ಆಗದಂಥ ದೊಡ್ಡ ಕಾರಣ ಏನಾದ್ರೂ ಇದ್ರೆ, ಕಾಗದ ಸಮೇತ ಬುಧವಾರ ಸಮಿತಿ ಮುಂದೆ ಬನ್ನಿ. ಇಲ್ಲಾಂದ್ರೆ ನಿಮ್ಮ ಹೆಸರಲ್ಲಿರೋ ಫ್ಲ್ಯಾಟಿಗೇ ಕೈ ಹಾಕ್ತಾರೆ."

ಕಾರಣ ಇತ್ತು, ಕಾಗದವೂ ಇತ್ತು. ಆಸ್ಪತ್ರೆಯ ಬಿಡುಗಡೆ ಪತ್ರವನ್ನು ರಾವಿಯಾ ಚಳಿಗಾಲದ ಕೋಟಿನ ಅಸ್ತರಿನೊಳಗೆ ಹೊಲಿದಿಟ್ಟಿದ್ದಳು. ಮನೆಗೆ ಬಂದು ಹೊಲಿಗೆ ಬಿಚ್ಚಿ, ಇದನ್ನೇ ತೋರಿಸುತ್ತೇನೆ ಎಂದಳು.

"ನಿಂಗೆ ತಲೆಗಿಲೆ ಕೆಟ್ಟಿದ್ಯಾ?" ಎಂದ ಬಯ್ಯೂಮಿ. ಅಂದಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. "ಮುಂದಿನ ಗುರುವಾರ ಹನೀನ್ ಮದುವೆ ಮಾತು ಗಟ್ಟಿಮಾಡಿ ಫಾತಿಹಾ ಓದೋದಿದೆ. ಹುಡುಗ ಯಾರು? ಉಮ್ ತಾಮಿರ್ ಮಗ. ಆಕೆ ಕಿವಿಗೆ ಬಿದ್ರೆ ಮಗನ್ನ ಕೊಡ್ತಾಳಾ?"

"ಮತ್ತೆ ಮನೆ ಹೋಗ್ಲಾ? ನನ್ನಪ್ಪ ಬಿಟ್ಟುಹೋದ ಮನೆ."

"ಉಮ್ರಾದಲ್ಲಿದ್ದೆ ಅನ್ನು. ಅದೂ ಕಾರಣಾನೇ."

"ಯಾವ ಬಾಯಲ್ಲಿ ಅನ್ಲಿ ರೀ? ಪಾಸ್‌ಪೋರ್ಟ್ ತೋರ್ಸು ಅಂದ್ರೆ?"

ಹನೀನ್ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಏನಾದ್ರೂ ಮಾಡ್ಕೊಳ್ಳಿ. ಆದ್ರೆ ನಂಗೋಸ್ಕರ ಅಂತ ಮಾತ್ರ ಹೇಳ್ಬೇಡಿ. ಆರು ವರ್ಷದಿಂದ ಎಲ್ಲಾ ಸುಳ್ಳೂ ನಂಗೋಸ್ಕರಾನೇ ಆಗಿದೆ. ಸಾಕಾಗೋಗಿದೆ ನಂಗೆ." ಮತ್ತೆ ಒಳಗೆ ಹೋಗಿ ಪಾತ್ರೆ ಕುಕ್ಕಿದಳು.

ಬುಧವಾರ ಇಬ್ಬರೂ ಮೆಟ್ಟಿಲಿಳಿದರೆ ಉಮ್ ತಾಮಿರ್ ಕಪ್ಪು ಬಟ್ಟೆ ತೊಟ್ಟು ಸಿದ್ಧಳಾಗಿ ನಿಂತಿದ್ದಳು. "ನಾನೂ ಬರ್ತೀನಿ ಹಾಜ್ಜಾ. ಬೀಗಿತ್ತಿ ಆಗೋಳು ಸುಮ್ನೆ ಕೂತಿರ್ಲಾ? ಆವತ್ತು ನೀನು ಮೆಕ್ಕಾದಲ್ಲಿ ದೇವರ ಸನ್ನಿಧೀಲಿದ್ದೆ ಅಂತ ಕುರಾನ್ ಮುಟ್ಟಿ ಹೇಳ್ತೀನಿ. ಯಾವನಿಲ್ಲ ಅಂತಾನೋ ನೋಡೋಣ!"

"ಬೇಡಮ್ಮ, ಬಿಸಿಲು," ಎಂದ ಬಯ್ಯೂಮಿ. ಆಕೆ ಆಗಲೇ ಆಟೋ ಹತ್ತಿ ಕುಳಿತಾಗಿತ್ತು.

ಸಮಿತಿ ಅಂದರೆ ಲಬೀಬ್, ಅವನ ಪಕ್ಕದಲ್ಲಿ ಬಾಯಿ ಬಿಡದ ಇನ್ನಿಬ್ಬರು. ಫ್ಯಾನು ಕೆಟ್ಟಿದ್ದರಿಂದ ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಉಮ್ ತಾಮಿರ್ ಕುಂಬಳಬೀಜ ಒಡೆಯುವ ಸದ್ದು ಕೋಣೆಯೊಳಗೂ ಕೇಳುತ್ತಿತ್ತು. ರಾವಿಯಾ ಪರ್ಸು ತೆರೆದು ಆಸ್ಪತ್ರೆಯ ಕಾಗದ ತೆಗೆದು ಮೇಜಿನ ಮೇಲಿಟ್ಟಳು.

ಲಬೀಬ್ ಓದಿದ. ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಕಾಗದವನ್ನು ಮಡಿಚಿ, ಫೈಲಿನ ಮರೆಯಲ್ಲಿ ಅವಳ ಕಡೆಗೇ ಸರಿಸಿದ.

"ಒಳಗಿಡಿ ತಾಯಿ," ಎಂದ, ಬಲು ಮೆಲ್ಲಗೆ. "ಇದು ಕಡತಕ್ಕೆ ಸೇರಿದ್ರೆ ಹತ್ತು ಜನ ಓದ್ತಾರೆ, ಎಲ್ಲಾ ಇದೇ ಊರಿನೋರು. ನಂಗೂ ಹೆಣ್ಣುಮಕ್ಕಳಿದಾರೆ. ನಾನು ನೋಡ್ಲೇ ಇಲ್ಲ ಅಂದ್ಕೊಳ್ಳಿ. ಅರವತ್ತು ಕಂತು ಮಾಡಿಕೊಡ್ತೀನಿ, ಮನೆ ಉಳಿಯುತ್ತೆ. ತಿಂಗಳಿಗೆ ಆರು ಸಾವಿರ ಚಿಲ್ಲರೆ."

"ದೇವರು ನಿಮ್ಮ ಮಾನ ಕಾಪಾಡ್ಲಿ ಸ್ವಾಮಿ!" ಬಯ್ಯೂಮಿಯ ಕಣ್ಣಲ್ಲಿ ನೀರೇ ಬಂತು. ಅವನ ಸಂಬಳ ಏಳು ಸಾವಿರ.

ಎಲ್ಲರೂ ಒಳ್ಳೆಯವರೇ. ಅದೇ ರಾವಿಯಾಳಿಗೆ ತಡೆಯಲಾಗದೆ ಹೋದದ್ದು. ಆರು ವರ್ಷದಿಂದ ಎಲ್ಲರೂ ಸೇರಿ ಅವಳನ್ನು ಮುಚ್ಚಿದ್ದೇ ಮುಚ್ಚಿದ್ದು, ಉಸಿರಾಡಲು ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ಇನ್ನು ಐದು ವರ್ಷ ತಿಂಗಳು ತಿಂಗಳೂ ಇಲ್ಲಿಗೆ ಬಂದು, ಕಾಣದ ಮೆಕ್ಕಾಕ್ಕೆ ದುಡ್ಡು ಕಟ್ಟಿ, ಹಾಜ್ಜಾ ಅನ್ನಿಸಿಕೊಂಡು ವಾಪಸಾಗಬೇಕು. ಸಿಟ್ಟು ಬಂತು ಅವಳಿಗೆ. ಎಷ್ಟು ಕಾಲದ ಮೇಲೆ ಬಂದ ಸಿಟ್ಟೋ!

ಕಾಗದ ಬಿಡಿಸಿ ಮತ್ತೆ ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿದಳು. "ಬರ್ಕೊಳ್ಳಿ. ನಾನು ಉಮ್ರಾಗೆ ಹೋಗಿರ್ಲಿಲ್ಲ. ಹುಚ್ಚಾಸ್ಪತ್ರೇಲಿದ್ದೆ. ಲಕೋಟೆ ಬಂದಾಗ ನಂಗೆ ನನ್ನ ಹೆಸರೂ ನೆನಪಿರ್ಲಿಲ್ಲ. ಇದನ್ನೇ ಬರ್ಕೊಳ್ಳಿ."

ಹೊರಗೆ ಬೀಜ ಒಡೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಬೆಂಚು ಕಿರುಗುಟ್ಟಿತು, ಚಪ್ಪಲಿಯ ಸದ್ದು ಮೆಟ್ಟಿಲ ಕಡೆ ದೂರವಾಯಿತು. ಲಬೀಬ್ ಕಣ್ಣು ಮುಚ್ಚಿ ತೆರೆದು, ಪೆನ್ನು ಕೈಗೆತ್ತಿಕೊಂಡ.

"ಸಮಿತಿ ಒಪ್ಪುತ್ತೆ ಅಂತ ನಾನು ಮಾತು ಕೊಡಲಾರೆ. ಆಸ್ಪತ್ರೆ ಸೇರಿದ್ದು ಯಾವತ್ತು? ಮುದ್ರೆ ಬಿದ್ದು ತಾರೀಕು ಕಾಣ್ತಿಲ್ಲ."

ರಾವಿಯಾ ನೆನಪಿಸಿಕೊಳ್ಳಲು ನೋಡಿದಳು. ಆ ದಿನಗಳೆಲ್ಲ ಅವಳ ಪಾಲಿಗೆ ಇರಲೇ ಇಲ್ಲ. ಇಷ್ಟು ದೂರ ಬಂದು ಒಂದು ತಾರೀಕಿಗೆ ಸಿಕ್ಕಿಬಿದ್ದೆನಲ್ಲ ಎಂದುಕೊಂಡು ಅವಳು ಕಾಗದವನ್ನು ಬೆಳಕಿಗೆ ಹಿಡಿದು ಮುದ್ರೆಯ ಕೆಳಗೆ ಹುಡುಕಿದಳು.

"ಅಕ್ಟೋಬರ್ ಹದಿನೇಳು," ಎಂದ ಬಯ್ಯೂಮಿ. ನೆಲ ನೋಡುತ್ತಲೇ ಇದ್ದ. "ಮಂಗಳವಾರ. ಬೆಳಗ್ಗೆ ಹತ್ತೂವರೆಗೆ ಗೇಟಿನ ಹತ್ರ. ಇವಳು ನನ್ನ ಕೈ ಬಿಡ್ಲಿಲ್ಲ. ನಾನೇ ಒಂದೊಂದು ಬೆರಳಾಗಿ ಬಿಡಿಸ್ಕೊಂಡು ಬಂದೆ."

ಲಬೀಬ್ ತಾರೀಕನ್ನು ಮಾತ್ರ ಬರೆದುಕೊಂಡ.