ಚೀಟಿಯಲ್ಲಿಲ್ಲದ ಐದು ಮಿಲಿಮೀಟರ್

ನಮ್ಮಕ್ಕನಿಗೆ ಅಂಗಡಿಯವರೆಲ್ಲ ಸೇರಿ ಇಟ್ಟ ಹೆಸರು ಮಿಲಿಮೀಟರ್. ಎದುರಿಗೆ ಹಾಗೆ ಕರೆಯುವ ಧೈರ್ಯ ನನ್ನೊಬ್ಬಳಿಗೆ ಮಾತ್ರ. ತಂಗಿಗೆ ಅಷ್ಟು ಸಲಿಗೆ ಇರಲೇಬೇಕಲ್ಲ. ಯಾರಾದರೂ ‘ಸುಮಾರು ಇಷ್ಟು’ ಎಂದು ಬೆರಳಲ್ಲಿ ತೋರಿಸಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಕಣ್ಣಳತೆ ಎಂಬ ಮಾತು ಅವಳ ಬಾಯಲ್ಲಿ ಬೈಗುಳ.

ಅಂಗಡಿ ನಮ್ಮ ಸೋದರಮಾವನದು. ಒಂದು ಕಾಲು ಗಿಡ್ಡವಾಗಿರುವವರಿಗೆ ಬೂಟು ಮಾಡಿಕೊಡುವುದು ನಮ್ಮ ಕಸುಬು. ಗಿಡ್ಡ ಕಾಲಿನ ಬೂಟಿನ ಅಡಿಗೆ ಕಾರ್ಕ್ ಹಾಳೆಗಳನ್ನು ಅಂಟಿಸಿ ಎರಡೂ ಕಾಲನ್ನು ಸಮ ಮಾಡುತ್ತೇವೆ. ಮೇಲಿನ ಚರ್ಮ ಹೊಲಿಯುವವಳು ನಾನು, ಕಾರ್ಕ್ ಅಂಟಿಸುವವನು ಗೋಂದಣ್ಣ, ಎಷ್ಟು ಎತ್ತರ ಅಂಟಿಸಬೇಕೆಂದು ಹೇಳುವುದು ಅಕ್ಕನ ಕಂಪ್ಯೂಟರ್.

ಅಕ್ಕನ ಬಲಗಾಲೂ ಹುಟ್ಟಿನಿಂದ ಗಿಡ್ಡವೇ. ಹದಿನಾರು ವರ್ಷದ ಹಿಂದೆ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವಳು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಪುಸ್ತಕ ನೋಡಿಕೊಂಡೇ ಕಲಿತು ಒಂದು ಪ್ರೋಗ್ರಾಂ ಬರೆದಳು. ಎರಡೂ ಕಾಲಿನ ಅಳತೆ, ಪಾದದ ಉದ್ದ, ಮೈತೂಕ ಕೊಟ್ಟರೆ ಸಾಕು. ಭಾರಕ್ಕೆ ಕಾರ್ಕ್ ಎಷ್ಟು ತಗ್ಗುತ್ತದೆ ಎಂಬುದನ್ನೂ ಲೆಕ್ಕ ಹಿಡಿದು, ಎಷ್ಟು ಎತ್ತರ ಬೇಕೆಂದು ಚೀಟಿ ಅಚ್ಚು ಹಾಕಿ ಕೊಡುತ್ತಿತ್ತು. ಮೊದಲ ಚೀಟಿ ಅವಳದೇ: ಹದಿನೈದು ಮಿಲಿಮೀಟರ್. ಮಾವ ತಾವೇ ಕೂತು ಆ ಬೂಟು ಮಾಡಿದರು. ಹಾಕಿಕೊಂಡವಳು ಮೆಟ್ಟಿಲಿಳಿದು ಬೀದಿಯ ಕೊನೆಯವರೆಗೂ ಓಡಿದಳು, ತಿರುಗಿ ಓಡುತ್ತಲೇ ಬಂದಳು. ಅಲ್ಲಿಯವರೆಗೆ ಅವಳು ಓಡಿದ್ದನ್ನು ನಾನು ಕಂಡವಳೇ ಅಲ್ಲ. ಆ ಚೀಟಿ ಇವತ್ತಿಗೂ ಅವಳ ಮೇಜಿನ ಗಾಜಿನಡಿಯಲ್ಲಿದೆ. “ನಾನು ನನ್ನ ಲೆಕ್ಕದ ಮೇಲೆ ನಡೀತಿರೋಳು” ಎಂದು ಬಂದವರಿಗೆಲ್ಲ ತೋರಿಸುತ್ತಾಳೆ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಹೋದ ತಿಂಗಳು ಅಂಗಡಿಯ ಹಳೆ ಕಂಪ್ಯೂಟರ್ ಕಣ್ಣು ಮುಚ್ಚಿತು. ಹೊಸದು ಬಂತು, ಅದರಲ್ಲಿ ಪೈಥಾನಿನ ಹೊಸ ಆವೃತ್ತಿ ಇತ್ತು. ಅಕ್ಕ ತನ್ನ ಪ್ರೋಗ್ರಾಮಿನಲ್ಲಿ ಅದು ಕೇಳಿದ ಕಡೆ ಅಲ್ಲೊಂದು ಇಲ್ಲೊಂದು ಬ್ರಾಕೆಟ್ ಸೇರಿಸಿದಳು, ಅದು ಓಡಿತು, ಚೀಟಿಗಳು ಬಂದವು. ಬೆನ್ನಿಗೇ ಬೂಟುಗಳೂ ವಾಪಸು ಬರತೊಡಗಿದವು! ಹದಿನಾರು ವರ್ಷದಲ್ಲಿ ಬೆರಳೆಣಿಕೆಯಷ್ಟು ತಿರುಗಿ ಬಂದಿದ್ದವು. ಈಗ ನಾಲ್ಕೇ ವಾರದಲ್ಲಿ ಮೂರು ಜೊತೆ.

ಮೂರನೆಯದು ಬಸ್ ಕಂಡಕ್ಟರರದು. ನಾಲ್ಕು ವರ್ಷದ ಹಿಂದೆ ಅಪಘಾತದಲ್ಲಿ ಅವರ ಎಡಗಾಲು ಗಿಡ್ಡವಾಗಿತ್ತು. ನಮ್ಮ ಬೂಟು ಹಾಕಿಕೊಂಡು, ಓಡುವ ಬಸ್ಸಿನಲ್ಲಿ ಟಿಕೆಟ್ ಹರಿದುಕೊಂಡು ಸುಖವಾಗಿದ್ದರು. ಆ ಬೂಟಿನ ಚರ್ಮ ಹರಿಯಿತೆಂದು ಹೊಸದು ಮಾಡಿಸಿದ್ದರು. ಶುಕ್ರವಾರ ಸಂಜೆ ಬಂದವರೇ ಎರಡೂ ಜೊತೆಯನ್ನು ಮೇಜಿನ ಮೇಲಿಟ್ಟರು.

“ಇದನ್ನ ಹಾಕ್ಕೊಂಡ್ರೆ ಬಲಕ್ಕೆ ವಾಲ್ತೀನಿ ಅಕ್ಕಾ. ಸೋಮವಾರ ಹತ್ತು ಗಂಟೆಗೆ ಡ್ಯೂಟಿ ಫಿಟ್‌ನೆಸ್ ಪರೀಕ್ಷೆ, ಡಾಕ್ಟರ್ ಮುಂದೆ ಗೆರೆ ಮೇಲೆ ನಡೀಬೇಕು. ವಾಲಿದೆ ಅಂದ್ರೆ ಬಸ್ಸಿಂದ ಇಳಿಸಿ ಮನೇಲಿ ಕೂರಿಸ್ತಾರೆ.”

ಚಪ್ಪಲಿ ಹಾಕಿಕೊಂಡು ಕುಂಟುತ್ತಲೇ ಹೋದರು. ಅಕ್ಕ ಫೈಲು ತೆಗೆದು ಅವರ ಹಳೆಯ ಚೀಟಿ ನೋಡಿದಳು: ಇಪ್ಪತ್ತನಾಲ್ಕು. ಹೊಸ ಚೀಟಿ: ಮೂವತ್ತೊಂದು. ಅದೇ ಕಾಲು, ಅದೇ ತೂಕ.

“ಏಳು ಮಿಲಿಮೀಟರ್ ಎಲ್ಲಿಂದ ಬಂತು? ಈ ಹೊಸ ಆವೃತ್ತಿ ಹಾಳಾಗಿ ಹೋಗ್ಲಿ!” ಎಂದಳು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ನಾನು ಗೊಣಗಿದೆ. ಅವಳು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ಶನಿವಾರ ಬೆಳಿಗ್ಗೆ ಮನೆಯಲ್ಲಿ, ಇಸ್ತ್ರಿ ಮೇಜಿನ ಪಕ್ಕದ ತನ್ನ ಸ್ವಂತ ಕಂಪ್ಯೂಟರಿಗೆ ಅವಳು ಪೈಥಾನಿನ ಹಳೆಯ ಆವೃತ್ತಿಯನ್ನು ಹುಡುಕಿ ಹಾಕಿದಳು. ಎರಡು ಲೋಟ ಟೀ ತಣ್ಣಗಾಗುವಷ್ಟು ಹೊತ್ತು ಹಿಡಿಯಿತು. ಹಳೆಯ ಪ್ರೋಗ್ರಾಮಿಗೆ ಕಂಡಕ್ಟರರ ಅಳತೆ ಕೊಟ್ಟಳು. ಇಪ್ಪತ್ತನಾಲ್ಕು ಬಂತು.

“ನೋಡಿದ್ಯಾ? ಕೊನೆಗೆ ಹಳೇ ಗಂಡನ ಪಾದವೇ ಗತಿ!” ಎಂದು ಚಪ್ಪಾಳೆ ಹೊಡೆದಳು. ಇನ್ನು ಅಂಗಡಿಯಲ್ಲೂ ಹಳೆಯದನ್ನೇ ಹಾಕುವುದೆಂದು ತೀರ್ಮಾನವೂ ಆಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಮಿಲಿಮೀಟರ್ ಹೇಗಾದಾಳು? ಅಂಗಡಿಯಿಂದ ಎರಡೂ ಜೊತೆ ತುಂಬಿಕೊಂಡು ಬಂದಿದ್ದ ಚೀಲದಿಂದ ಕಂಡಕ್ಟರರ ಹಳೆ ಬೂಟನ್ನು ತೆಗೆದು ಕಾರ್ಕಿನ ಎತ್ತರ ಅಳೆದಳು. ಇಪ್ಪತ್ತನಾಲ್ಕು ಇರಲಿಲ್ಲ. ಇಪ್ಪತ್ತೊಂಬತ್ತು ಇತ್ತು.

ಮತ್ತೆ ಅಳೆದಳು. ನನ್ನ ಕೈಗೂ ಕೊಟ್ಟು ಅಳೆಸಿದಳು. ಇಪ್ಪತ್ತೊಂಬತ್ತೇ. ಪೆನ್ಸಿಲು ಹಿಡಿದು ಇಡೀ ಲೆಕ್ಕವನ್ನು ಕಾಗದದ ಮೇಲೆ ಮಾಡಿದಳು. ಸರಿಯಾದ ಉತ್ತರ ಮೂವತ್ತೊಂದು. ಅಂದರೆ ಹೊಸ ಆವೃತ್ತಿಯದೇ ಸರಿ!

ತೂಕವನ್ನು ಪಾದದ ಉದ್ದದಿಂದ ಭಾಗಿಸುವ ಸಾಲೊಂದು ಪ್ರೋಗ್ರಾಮಿನಲ್ಲಿತ್ತು. ಹಳೆಯ ಆವೃತ್ತಿ ಪೂರ್ಣ ಸಂಖ್ಯೆಗಳನ್ನು ಭಾಗಿಸಿದಾಗ ಉಳಿದ ಚೂರನ್ನು ಎಸೆದುಬಿಡುತ್ತಿತ್ತು. ಚೂರು ಬೇಕಿದ್ದರೆ ಬೇಕು ಎಂದು ಬರೆದವರು ಹೇಳಬೇಕಿತ್ತು. ಅಕ್ಕ ಹೇಳಿರಲಿಲ್ಲ. ಹಾಗಾಗಿ ಅವಳ ಚೀಟಿಗಳಲ್ಲಿ ಒಬ್ಬರಿಗೆ ಒಂದು ಮಿಲಿಮೀಟರ್ ಕಡಿಮೆ, ಇನ್ನೊಬ್ಬರಿಗೆ ಏಳು.

“ಇನ್ನೂರೈವತ್ತು ಜನ ಕಣೇ” ಎಂದಳು. “ಹದಿನಾರು ವರ್ಷ ನಾನು ಇನ್ನೂರೈವತ್ತು ಜನರನ್ನ ಕುಂಟಿಸಿದೀನಿ.”

ಆದರೆ ಅವರು ಯಾರೂ ಕುಂಟಿರಲಿಲ್ಲವಲ್ಲ? ನಾನು ಹೊಸ ಬೂಟನ್ನೂ ಅಳೆದೆ. ಚೀಟಿಯಲ್ಲಿ ಮೂವತ್ತೊಂದು, ಬೂಟಿನಲ್ಲಿ ಮೂವತ್ತಾರು. ಹಳೆಯದರಲ್ಲೂ ಐದು ಹೆಚ್ಚು, ಹೊಸದರಲ್ಲೂ ಐದು ಹೆಚ್ಚು. ಅಂಗಡಿಯಲ್ಲಿರುವ ತೆಳು ಕಾರ್ಕ್ ಹಾಳೆಯ ದಪ್ಪ ಐದು ಮಿಲಿಮೀಟರ್.

ಅಕ್ಕ ಕೂದಲು ಕೂಡ ಬಾಚದೆ ಅಂಗಡಿಗೆ ಹೊರಟಳು. ಗೋಂದಣ್ಣ ಕೈಗೆ ಹತ್ತಿದ ಗೋಂದು ಕೆರೆಯುತ್ತ ಕೂತಿದ್ದ.

“ಚೀಟಿಗಿಂತ ಒಂದು ಹಾಳೆ ಜಾಸ್ತಿ ಯಾಕೆ ಹಾಕ್ತೀಯ?”

ಅವನು ಮಾವನ ಕಡೆ ನೋಡಿದ. ಮಾವ ಮೂಲೆಯ ಸ್ಟೂಲಿನಲ್ಲಿ ಕೂತು ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದರು. ತಲೆಯೆತ್ತಲಿಲ್ಲ.

“ಯಜಮಾನ್ರು ಹೇಳಿದ್ರು ಅಕ್ಕಾವ್ರೇ. ಮೊದಲನೇ ವಾರಾನೇ. ಚೀಟೀಲಿ ಎಷ್ಟೇ ಇರ್ಲಿ, ಮೇಲೊಂದು ತೆಳು ಹಾಳೆ ಹಾಕು, ಅವಳ ಕಿವಿಗೆ ಬೀಳೋದು ಬೇಡ ಅಂತ. ಹಾಕ್ತಾ ಬಂದೆ. ಕಂಪ್ಯೂಟರ್ ಬದಲಾದ್ರೆ ಹಾಳೆ ಬಿಡ್ಬೇಕು ಅಂತ ನನಗೇನು ಗೊತ್ತು?”

ಅಟ್ಟೆ ಹೊಡೆಯುವವರಿಗೂ ಗೊತ್ತಿತ್ತು, ಅಳತೆ ತೆಗೆಯುವವರಿಗೂ ಗೊತ್ತಿತ್ತು. ಟೀ ತರುವವನಿಗೂ ಗೊತ್ತಿದ್ದರೆ ಆಶ್ಚರ್ಯವಿಲ್ಲ. ಗೊತ್ತಿಲ್ಲದವರು ನಾವಿಬ್ಬರೇ. ಅಕ್ಕ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಕಂಡಕ್ಟರರ ಹೊಸ ಬೂಟನ್ನು ಗೋಂದಣ್ಣನ ಮುಂದಿಟ್ಟು, “ಏಳು ತೆಗಿ” ಎಂದಳಷ್ಟೆ.

“ಲೆಕ್ಕದ ಪ್ರಕಾರ ಐದಲ್ವಾ?” ಎಂದೆ.

“ನಾಲ್ಕು ವರ್ಷದಿಂದ ಅವರ ಸೊಂಟ ಇಪ್ಪತ್ತೊಂಬತ್ತಕ್ಕೆ ಒಗ್ಗಿದೆ. ಸೋಮವಾರದೊಳಗೆ ಅದಕ್ಕೆ ಹೊಸ ಪಾಠ ಹೇಳಿಕೊಡೋಕಾಗಲ್ಲ.”

ಲೆಕ್ಕವನ್ನು ಬಿಟ್ಟು ಅವಳು ಮಾತಾಡಿದ್ದು ಅದೇ ಮೊದಲು. ಸಂಜೆ ಕಂಡಕ್ಟರರು ಬೂಟು ಒಯ್ದರು. ಅಕ್ಕ ಮಾವನೊಡನೆ ಎರಡು ದಿನ ಮಾತು ಬಿಟ್ಟಳು. ಎಪ್ಪತ್ತು ದಾಟಿದ ಮನುಷ್ಯ ತಪ್ಪು ಮಾಡಿದ ಮಗುವಿನಂತೆ ಅವಳು ಬಂದಾಗಲೆಲ್ಲ ಏಳುತ್ತಿದ್ದರು, ಕೂರುತ್ತಿದ್ದರು. ನನಗೆ ಅವರ ಮೇಲೂ ಕೋಪ, ಅವಳ ಮೇಲೂ ಕೋಪ.

ಸೋಮವಾರ ಹನ್ನೊಂದೂವರೆಗೆ ಫೋನು ಬಂತು. “ಗೆರೆ ಮೇಲೆ ದಾರ ಹಿಡಿದ ಹಾಗೆ ನಡೆದೆ ಅಕ್ಕಾ, ನಾಳೆಯಿಂದ ಬಸ್ಸಿಗೆ!” ಎಂದು ಕಂಡಕ್ಟರರು ಕೂಗಿದ್ದು ನನಗೂ ಕೇಳಿಸಿತು. ಅಕ್ಕ ಫೋನಿಟ್ಟಳು. ಆಮೇಲೆ ನಿಧಾನವಾಗಿ ಬಗ್ಗಿ, ತನ್ನ ಬಲಗಾಲಿನ ಬೂಟನ್ನೇ ಬಿಚ್ಚಿ ಮೇಜಿನ ಮೇಲಿಟ್ಟಳು. ಚರ್ಮ ಹರಿದಾಗಲೆಲ್ಲ ಅದೇ ಚೀಟಿಯ ಮೇಲೆ ಮಾವನೇ ಅದನ್ನು ಹೊಸದಾಗಿ ಮಾಡಿಕೊಡುತ್ತಿದ್ದರು. ಅವಳ ಬೂಟನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಅವಳು ಅಳೆದಳು. ನಾನು ಇಪ್ಪತ್ತು ಎಂದುಕೊಂಡಿದ್ದೆ. ಇಪ್ಪತ್ತೆರಡು ಇತ್ತು.

ಹೊಸ ಕಂಪ್ಯೂಟರಿಗೆ ಹದಿನಾರು ವರ್ಷದ ಹಿಂದಿನ ತನ್ನ ಅಳತೆಗಳನ್ನು ಕೊಟ್ಟಳು. ಚೀಟಿ ಬಂತು: ಇಪ್ಪತ್ತೆರಡು. ಗಾಜಿನಡಿಯಲ್ಲಿ ಹದಿನೈದರ ಚೀಟಿ ಹಾಗೇ ಇತ್ತು. ಅವಳ ಬೂಟಿಗೆ ಮಾವ ಅಂದಾಜಿನ ಹಾಳೆ ಹಾಕಿರಲಿಲ್ಲ. ಅವಳ ಕಾಲನ್ನು ಕಣ್ಣಲ್ಲೇ ನೋಡಿ, ಒಂದು ಕೂದಲೆಳೆ ಹೆಚ್ಚುಕಡಿಮೆಯಾಗದಂತೆ ಏಳು ಮಿಲಿಮೀಟರ್ ಸೇರಿಸಿದ್ದರು.

ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು, ಅಕ್ಕ ಕುಂಟುತ್ತ ಮಾವನ ಸ್ಟೂಲಿನ ಹತ್ತಿರ ಹೋದಳು.

“ಯಾಕೆ ಹೇಳ್ಲಿಲ್ಲ ಮಾವ?”

ಮಾವ ಪಾಲಿಶ್ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. “ಹೇಳೋಣ ಅಂತಾನೇ ಇದ್ದೆ ಕಣಮ್ಮ. ಬೂಟು ಹಾಕ್ಕೊಂಡವಳೇ ನೀನು ಓಡಿಬಿಟ್ಟೆ.”

“ಮಾರನೇ ದಿನ ಹೇಳ್ಬಹುದಿತ್ತು!”

“ಮಾರನೇ ದಿನಾನೂ ನೀನು ಓಡ್ತಿದ್ದೆ” ಎಂದರು ಮಾವ.