ಯಮನವ್ವನ ಬಾವಲಿ ಪೆಟ್ಟಿಗೆ

ಗುಡೂರಿನ ಯಮನವ್ವ ಸಿಟ್ಟನ್ನು ಉಪ್ಪಿನಕಾಯಿಯಂತೆ ವರ್ಷಗಟ್ಟಲೆ ಕೆಡದ ಹಾಗೆ ಇಟ್ಟುಕೊಂಡವಳು. ಪಕ್ಕದ ಮನೆಯವಳಾದ ನಾನು ಅದನ್ನು ದಿನಾ ನೋಡಿದ್ದೇನೆ.

ಅವಳ ಗಂಡ ಸತ್ತ ವರ್ಷವೇ ಮೈದುನ ಹುಲ್ಲಪ್ಪ, ಬೀರಪ್ಪ ದೇವರ ಗುಡಿಯಲ್ಲಿ ತನ್ನ ಹೆಗಲ ಕಂಬಳಿ ಹಾಸಿ, ಅದರ ಮೇಲಿನ ಭಂಡಾರದ ಅರಿಶಿನ ಮುಟ್ಟಿ, "ಹಳ್ಳದ ದಂಡಿ ಹೊಲಾ ಅಣ್ಣ ನನಗ ಬಿಟ್ಟಾನ" ಎಂದು ಸುಳ್ಳು ಆಣೆ ಮಾಡಿದ. ಕಂಬಳಿಯ ಮೇಲಿನ ಮಾತಿಗೆ ನಮ್ಮಲ್ಲಿ ಎದುರು ಮಾತಿಲ್ಲ. ಒಳ್ಳೆಯ ಹೊಲ ಹೋಯಿತು, ಅದರ ಪಕ್ಕದ ತುಂಡು ಉಳಿಯಿತು. ಅವನ ನಾಲಿಗೆ ಬಿದ್ದುಹೋಗುತ್ತದೆಂದು ಯಮನವ್ವ ಕಾದಳು. ಅವನೋ ಮೈ ತುಂಬಿಕೊಂಡು ಮೀಸೆ ತಿರುವುತ್ತ ಓಡಾಡಿದ. ನನಗೇ ಹೊಟ್ಟೆ ಉರಿಯುತ್ತಿತ್ತು, ಅವಳದನ್ನು ಕೇಳುವುದೇ ಬೇಡ.

೧೯೮೩ರ ಹಿಂಗಾರಿನಲ್ಲಿ ಬಾಗಲಕೋಟೆಯ ವಿದ್ಯಾಗಿರಿ ಕಾಲೇಜಿನಿಂದ ಚಂದ್ರಶೇಖರಪ್ಪ ಮಾಸ್ತರರು ಬಂದು, ಅವಳ ಕಡಲೆ ಹೊಲದಲ್ಲಿ ಬ್ಯಾಟರಿಯ ಪೆಟ್ಟಿಗೆಯೊಂದನ್ನು ಇಟ್ಟರು. ಅದು ಬಾವಲಿಯಂತೆ ಕೂಗುತ್ತದಂತೆ. ನಮ್ಮ ಕಿವಿಗೆ ಕೇಳದ ಆ ಕೂಗು ಪತಂಗಕ್ಕೆ ಕೇಳುತ್ತದೆ. ತಿನ್ನುವ ಬಾವಲಿ ಬಂತೆಂದು ಹೆದರಿ, ಮೊಟ್ಟೆ ಇಡದೆ ಓಡಿಹೋಗುತ್ತದೆ. ಮೊಟ್ಟೆ ಇಲ್ಲದಿದ್ದರೆ ಕಾಯಿ ಕೊರೆಯುವ ಹುಳವೂ ಇಲ್ಲ.

"ಇದರ ಬಾಯಿ ಮುಚ್ಚಬ್ಯಾಡ್ರಿ ಯಮನವ್ವ. ಒಂದು ಅರಿವಿ-ಬಟ್ಟಿ ಅಡ್ಡ ಬಂದ್ರೂ ಸದ್ದು ಮುಂದ ಹೋಗೂದಿಲ್ಲ," ಎಂದರು.

ಅವಳ ಕಡಲೆ ಉಳಿಯಿತು. ಮರುವರ್ಷ ಹುಲ್ಲಪ್ಪ ವಿದ್ಯಾಗಿರಿಗೇ ಹೋಗಿ ತಾನೂ ಒಂದು ಪೆಟ್ಟಿಗೆ ತಂದ. ಹೇಗಿಡಬೇಕೆಂದು ಅತ್ತಿಗೆಯನ್ನು ಕೇಳು ಎಂದಿದ್ದರಂತೆ ಮಾಸ್ತರರು. ಅವನು ಕೇಳುವ ಪೈಕಿಯೇ? ಮಂಜಿಗೆ ಕೆಟ್ಟೀತೆಂದು, ನಾವು ಕುರುಬರು ಕೂಸನ್ನೂ ಕುರಿಮರಿಯನ್ನೂ ಸುತ್ತುವ ಹಾಗೆ, ಅದನ್ನು ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿ ಹಳ್ಳದ ದಂಡೆಯ ಹೊಲದಲ್ಲಿ ಕೂರಿಸಿದ. ಅದೇ ಆಣೆಯ ಕಂಬಳಿ.

ಬದುವಿನ ಮೇಲೆ ನಿಂತಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಯಮನವ್ವ ನನ್ನ ರಟ್ಟೆ ಚಿವುಟಿದಳು.

"ಸುಮ್ಮನಿರು. ಬೀರಪ್ಪ ಈಗ ಎಚ್ಚರಾಗ್ಯಾನ."

ಕಾಯಿ ಕಟ್ಟುವ ಹೊತ್ತಿಗೆ ಅವನ ಹೊಲಕ್ಕೆ ಹುಳು ಬಿತ್ತು. ಒಂದು ಮುಂಜಾನೆ ತೂತು ಬಿದ್ದ ಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ಅವಳ ಬಾಗಿಲಿಗೆ ಬಂದ. ಆಣೆ ಮಾಡಿದ ಮೇಲೆ ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಒಲೆಯ ಪಕ್ಕ ಕೂತಿದ್ದ ನನಗೇನೂ ಮರುಕ ಬರಲಿಲ್ಲ.

"ಅತ್ತಿಗಿ, ನಿನ್ನ ಪೆಟಗಿ ಕೆಲಸ ಮಾಡ್ತೈತಿ, ನಂದ್ಯಾಕ ಮಾಡವಲ್ದು? ಇನ್ನೂ ಅರ್ಧಾ ಹೊಲಾ ಉಳದೈತಿ. ಏನರ ಹೇಳು."

ಯಮನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆ ಹೊಲಾ ಯಾರದು ಹುಲ್ಲಪ್ಪ?"

ಅವನು ನನ್ನನ್ನು ನೋಡಿದ, ನೆಲ ನೋಡಿದ. "ಅದು ಮುಗದ ಮಾತು. ಅಣ್ಣ ನನಗ ಬಿಟ್ಟಾನ."

ಯಮನವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ತಾಯಿಯ ಹಾಗೆ ನಕ್ಕಳು.

"ಪೆಟಗಿಗೆ ಥಂಡಿ ಹತ್ತಿರಬೇಕು ತಮ್ಮಾ. ಮ್ಯಾಲ ಇನ್ನೊಂದು ಕಂಬಳಿ ಹೊಚ್ಚು."